ಎರಡು ಬೆರಳಿನ ಲೆಕ್ಕ

"ಚಕ್ರವನ್ನ ಮತ್ತೆ ಯಾಕೆ ಕಂಡುಹಿಡೀಬೇಕು ಸಾರ್? ಲೈಬ್ರರಿ ಇದೆಯಲ್ಲ!" ನಮ್ಮ ಆಫೀಸುಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಸೋ ಮಾತಿದು. ಮಾತೇನೋ ಸರಿ. ಆದ್ರೆ ಚಕ್ರ ಹೇಗೆ ತಿರುಗುತ್ತೆ ಅಂತ ಗೊತ್ತಿಲ್ಲದವನೇ ಇದನ್ನ ಹೇಳಿದಾಗ ನನಗೆ ಮೈಯೆಲ್ಲಾ ಉರಿಯುತ್ತೆ. ಯಾಕೆ ಅಂತ ಹೇಳ್ತೀನಿ, ಕೇಳಿ.

ಬಾಡಿಗೆ ಲಾರಿ, ಟೆಂಪೋದವರಿಗೆ ದುಡ್ಡು ಪಾವತಿಸುವ ಸಿಸ್ಟಮ್ ನಮ್ಮ ಟೀಮಿನದು. ನಾವು ಕಳಿಸಿದ ಪಾವತಿಗಳ ಪಟ್ಟಿ ಒಂದು, ದುಡ್ಡು ಸಂದಾಯವಾಯ್ತು ಅಂತ ಬ್ಯಾಂಕಿನಿಂದ ವಾಪಸ್ ಬರುವ ಪಟ್ಟಿ ಇನ್ನೊಂದು. ಎರಡರಲ್ಲೂ ಸುಮಾರು 1 ಲಕ್ಷ ಸಾಲು. ಸಾಲಿಗೊಂದು ಖಾತೆ ಸಂಖ್ಯೆ, ತಾರೀಖು, ಮೊತ್ತ. ಎರಡೂ ಒಂದೇನಾ ಅಂತ ನೋಡಬೇಕು, ಅಷ್ಟೇ ಕೆಲಸ. ಟೀಮಿನ ಹುಡುಗ ಜಾವಾದಲ್ಲಿ 'ಕಂಟೇನ್ಸ್‌ಆಲ್' ಅಂತ ಬರೆದ, ಈ ಕಡೆಯಿಂದೊಮ್ಮೆ, ಆ ಕಡೆಯಿಂದೊಮ್ಮೆ. ಒಟ್ಟು ಸಾಲುಗಳ ಸಂಖ್ಯೆಯನ್ನೂ ಹೋಲಿಸಿದ. ರಿವ್ಯೂನಲ್ಲಿ ಓಕೆ ಅಂದವನು ನಾನೇ.

ಹಸಿರು ಗುರುತು ಬಂತು. ಆದ್ರೆ ಒಬ್ಬ ಟೆಂಪೋ ಮಾಲೀಕರಿಂದ ಫೋನ್ ಮೇಲೆ ಫೋನ್. ಒಂದೇ ದಿನ ಎರಡು ಟ್ರಿಪ್ ಹೊಡೆದಿದ್ದರು, ಎರಡಕ್ಕೂ ಒಂದೇ ಬಾಡಿಗೆ. ಬಂದಿದ್ದು ಒಂದೇ ಟ್ರಿಪ್ಪಿನ ದುಡ್ಡು. ಮೂರು ದಿನ ನಾವು ಅವರಿಗೆ ಕೊಟ್ಟ ಉತ್ತರ ಏನು ಗೊತ್ತಾ? "ಸಿಸ್ಟಮ್‌ನಲ್ಲಿ ಎಲ್ಲಾ ಸರಿಯಾಗಿದೆ."

ಕಂಟೇನ್ಸ್‌ಆಲ್ ಕೇಳೋದು "ಇದು ಅಲ್ಲಿದೆಯಾ?" ಅಂತ ಮಾತ್ರ. "ಎಷ್ಟು ಸಲ ಇದೆ?" ಅಂತ ಅದು ಕೇಳುವುದೇ ಇಲ್ಲ. ಇವರ ಸಾಲು ನಮ್ಮಲ್ಲಿ ಎರಡು ಸಲ, ಅಲ್ಲಿ ಒಂದೇ ಸಲ. ಅದಕ್ಕೆ ಎರಡೂ ಒಂದೇ! ಹಾಗಾದ್ರೆ ಒಟ್ಟು ಸಂಖ್ಯೆ ಹೇಗೆ ತಾಳೆಯಾಯ್ತು? ಅದೇ ರೂಟಿನ ಇನ್ಯಾರಿಗೋ ಒಂದೇ ಪಾವತಿ ಎರಡು ಸಲ ಹೋಗಿತ್ತು. ಇಲ್ಲಿ ಒಂದು ಕಮ್ಮಿ, ಅಲ್ಲಿ ಒಂದು ಜಾಸ್ತಿ. ಸಂಖ್ಯೆಯೂ ಸಮ, ಮೊತ್ತವೂ ಸಮ.

ವೇಗವಾದರೂ ಇತ್ತಾ? ಅದೂ ಇಲ್ಲ. ಮಾಮೂಲಿ ಲಿಸ್ಟಿನಲ್ಲಿ ಈ ಕೋಡ್ ಪ್ರತಿ ಸಾಲಿಗೂ ಎದುರಿನ ಪಟ್ಟಿಯನ್ನು ಮೊದಲಿನಿಂದ ಹುಡುಕುತ್ತೆ. ಸರಾಸರಿ 50 ಸಾವಿರ ಹೋಲಿಕೆ ಅಂದ್ಕೊಂಡರೂ ಒಂದು ಕಡೆಗೆ 500 ಕೋಟಿ, ಎರಡೂ ಕಡೆ ಸೇರಿ 1,000 ಕೋಟಿ. ತಪ್ಪು ಉತ್ತರ, ಅದೂ ನಿಧಾನವಾಗಿ.

ಶುಕ್ರವಾರ ಸಂಜೆ ಹುಡುಕೋಕೆ ಕೂತ್ವಿ. ಆ ಸರ್ವರ್‌ಗೆ ಇಂಟರ್‌ನೆಟ್ ಇಲ್ಲ, ಹೊಸದೇನೂ ಇನ್‌ಸ್ಟಾಲ್ ಮಾಡುವಂತಿಲ್ಲ, ಡೇಟಾ ಹೊರಗೆ ತಂದು ಎಕ್ಸೆಲ್‌ನಲ್ಲಿ ತೆರೆಯುವಂತಿಲ್ಲ. "ಟೂಲ್‌ಗೆ ಪರ್ಮಿಷನ್ ಸೋಮವಾರ ಸಿಗುತ್ತೆ ಸಾರ್, ಆಮೇಲೆ ನೋಡೋಣ" ಅಂದ ಹುಡುಗ.

ಆಗ ನೆನಪಾಗಿದ್ದು ಅಪ್ಪ. ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿಯಾಗಿದ್ದವರು. ಹಾಲು ಅಳೆದ ಪುಸ್ತಕ ಎಡಕ್ಕೆ, ಬಟವಾಡೆ ಪುಸ್ತಕ ಬಲಕ್ಕೆ, ಎರಡೂ ಸದಸ್ಯರ ನಂಬರಿನ ಕ್ರಮದಲ್ಲಿ. ಎರಡರ ಮೇಲೂ ಒಂದೊಂದು ಬೆರಳು. ನಂಬರು ಒಂದೇ ಆದರೆ ಎರಡೂ ಬೆರಳು ಕೆಳಕ್ಕೆ. ಬೇರೆಯಾದರೆ ಚಿಕ್ಕ ನಂಬರಿಗೊಂದು ಗುರುತು, ಆ ಬೆರಳು ಮಾತ್ರ ಕೆಳಕ್ಕೆ. ಬೆಳಿಗ್ಗೆ, ಸಂಜೆ ಎರಡು ಹೊತ್ತು ಹಾಲು ಹಾಕಿದವರ ನಂಬರು ಎಡಕ್ಕೆ ಎರಡು ಸಲ ಬಂದರೆ ಬಲಕ್ಕೂ ಎರಡು ಸಲ ಬರಲೇಬೇಕು. ಒಂದು ಸಾಲಿಗೆ ಒಂದೇ ಸಾಲು. ಹಿಂದಕ್ಕೆ ಹೋಗುವ ಮಾತೇ ಇಲ್ಲ.

ಇದನ್ನೇ ನಾವು ಬಿಇಯಲ್ಲಿ 'ಮರ್ಜ್' ಅಂತ ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮಾರನೇ ದಿನ ಮರೆತಿದ್ದು. 1945ರಲ್ಲೇ ಜಾನ್ ವಾನ್ ನ್ಯೂಮನ್ ಇದೇ ಉಪಾಯದ ಮೇಲೆ ಮರ್ಜ್ ಸಾರ್ಟ್ ಬರೆದ. 1970ರ ದಶಕದ ಯೂನಿಕ್ಸ್‌ನಿಂದ ಬಂದ 'ಸಾರ್ಟ್' ಮತ್ತು 'ಕಾಮ್' ಅನ್ನೋ ಕಮಾಂಡುಗಳು ಇವತ್ತಿಗೂ ಪ್ರತಿ ಲಿನಕ್ಸ್ ಸರ್ವರ್‌ನಲ್ಲೂ ಕೂತಿವೆ. ಎರಡೂ ಫೈಲನ್ನು ಸಾರ್ಟ್ ಮಾಡಿ ಕಾಮ್‌ಗೆ ಕೊಟ್ಟೆ. ಸಾರ್ಟ್‌ಗೆ ಒಂದೊಂದು ಫೈಲಿಗೆ ಹೆಚ್ಚೆಂದರೆ 17 ಲಕ್ಷ ಹೋಲಿಕೆ, ಬೆರಳಾಡಿಸೋಕೆ 2 ಲಕ್ಷ. ಎಲ್ಲಾ ಸೇರಿ 36 ಲಕ್ಷ! ಕೆಲವೇ ಸೆಕೆಂಡಿನಲ್ಲಿ ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು ಬಂತು. ಒಂದು ಸೇರದ ದುಡ್ಡು, ಇನ್ನೊಂದು ಎರಡು ಸಲ ಹೋದ ದುಡ್ಡು.

ಹಾಗಂತ ಲೈಬ್ರರಿ ಬಿಟ್ಟು ಎಲ್ಲಾ ಕೈಯಲ್ಲೇ ಬರೀರಿ ಅಂತ ನಾನು ಹೇಳ್ತಿಲ್ಲ. ಮುಂದಿನ ವಾರ ಕೋಡ್ ಸರಿ ಮಾಡಿದ್ದು ಹ್ಯಾಶ್‌ಮ್ಯಾಪ್‌ನಿಂದಲೇ. ಈ ಪಟ್ಟಿಯ ಸಾಲಿಗೆ ಒಂದು ಕೂಡು, ಆ ಪಟ್ಟಿಯ ಸಾಲಿಗೆ ಒಂದು ಕಳೆ, ಕೊನೆಗೆ ಸೊನ್ನೆಯಾಗದೆ ಉಳಿದದ್ದೇ ತಪ್ಪು. ಅದೂ ಲೈಬ್ರರಿಯೇ ಕೊಟ್ಟದ್ದು. ಆದ್ರೆ 'ಎರಡೂ ಒಂದೇ' ಅಂದ್ರೆ ಏನರ್ಥ? ಕ್ರಮ ಮುಖ್ಯವಾ? ಎಷ್ಟು ಸಲ ಅನ್ನೋದು ಮುಖ್ಯವಾ? ಈ ಪ್ರಶ್ನೆಗಳನ್ನ ಯಾವ ಲೈಬ್ರರಿಯೂ ನಿಮ್ಮ ಪರವಾಗಿ ಕೇಳಲ್ಲ ಸ್ವಾಮಿ. ಟೂಲ್ ಇಲ್ಲದೆ ಕೆಲಸ ಮಾಡೋಕೆ ಬರದವನಿಗೆ ಟೂಲ್ ಸುಳ್ಳು ಹೇಳಿದಾಗ ಗೊತ್ತಾಗೋದೂ ಇಲ್ಲ. ಮೂರು ದಿನ ನನಗೂ ಗೊತ್ತಾಗಲಿಲ್ಲ.

ಸೋಮವಾರ ಅವರ ದುಡ್ಡು ಹೋಯ್ತು. ಕ್ಷಮೆ ಕೇಳೋಕೆ ನಾನೇ ಫೋನ್ ಮಾಡಿದೆ. ಆ ಮನುಷ್ಯ ಬೈಯಲಿಲ್ಲ. "ಎರಡು ಟ್ರಿಪ್ ಅಂತ ಮೊದಲನೇ ದಿನವೇ ಹೇಳಿದ್ನಲ್ಲ ಸಾರ್. ಎರಡರ ತನಕ ಎಣಿಸೋಕೆ ಇಷ್ಟು ದಿನ ಬೇಕಾಯ್ತಾ?" ಅಂದರು.