ಹಣ ಕಟ್ಟುವ ಮುನ್ನ ವಿಚಾರಿಸಿ

ನುಗ್ಗೇಹಳ್ಳಿ, ಚನ್ನರಾಯಪಟ್ಟಣದ ಕಡೆ ಬಿ.ಎ., ಬಿ.ಇಡಿ. ಮುಗಿಸಿದ ಎಷ್ಟೋ ಮಕ್ಕಳಿಗೆ ವಿದೇಶದಲ್ಲಿ ಇಂಗ್ಲಿಷ್ ಕಲಿಸುವ ಆಸೆಯಿದೆ. ಸಂತೋಷವೇ. ಆದರೆ ಮೊಬೈಲಿನಲ್ಲಿ ಬರುವ ‘120 ಗಂಟೆಗಳ ಟೆಫ್ಲ್’ ಜಾಹೀರಾತು ನಂಬಿ ಅವರು ಹಣ ಕಟ್ಟುವುದನ್ನು ಕಂಡರೆ ಸಂಕಟವಾಗುತ್ತದೆ. ಟೆಫ್ಲ್, ಅಂದರೆ ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ ತರಬೇತಿ, ಒಂದೇ ಸಂಸ್ಥೆಯ ಪದವಿಯಲ್ಲ. ಆ ಹೆಸರಿನಲ್ಲಿ ಯಾರು ಬೇಕಾದರೂ ಪ್ರಮಾಣಪತ್ರ ಕೊಡಬಹುದು.

ಕೇಂಬ್ರಿಜ್‌ನ ಸೆಲ್ಟಾ, ಲಂಡನ್ನಿನ ಟ್ರಿನಿಟಿ ಕಾಲೇಜಿನ ಸರ್ಟ್‌ಟೆಸಾಲ್ ಎಂಬ ಶಿಕ್ಷಕ ಪ್ರಮಾಣಪತ್ರಗಳು ಹಾಗಲ್ಲ. ಅಲ್ಲಿ ನಿಜವಾದ ಕಲಿಕಾರ್ಥಿಗಳಿಗೆ 6 ಗಂಟೆ ಪಾಠ ಮಾಡಲೇಬೇಕು. ತರಬೇತುದಾರರು ಅದನ್ನು ಗಮನಿಸಿ, ಎಲ್ಲಿ ನೀವೇ ಹೆಚ್ಚು ಮಾತಾಡಿದಿರಿ, ಎಲ್ಲಿ ಕಲಿಯುವವರ ಬಾಯಿ ಬಿಡಿಸಲಿಲ್ಲ ಎಂದು ತಿದ್ದುತ್ತಾರೆ. ಶುಲ್ಕ ದುಬಾರಿ, ನಿಜ; ಕಲಿಕೆಯೂ ಅಷ್ಟೇ ಗಟ್ಟಿ.

ವೀಸಾ ನಿಯಮವನ್ನೂ ಮೊದಲೇ ನೋಡಿ. ದಕ್ಷಿಣ ಕೊರಿಯಾ ಇಂಗ್ಲಿಷ್ ಶಿಕ್ಷಕರಿಗೆ ಕೊಡುವ ಇ-2 ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್ ಮೊದಲಾದ 7 ಇಂಗ್ಲಿಷ್ ಮಾತಾಡುವ ದೇಶಗಳ ಪ್ರಜೆಗಳಿಗೆ. ಎಂಥ ಪ್ರಮಾಣಪತ್ರವೂ ಪಾಸ್‌ಪೋರ್ಟನ್ನು ಬದಲಿಸುವುದಿಲ್ಲ.

ಒಳ್ಳೆಯ ತರಬೇತಿಯ ಮಾದರಿ ನಮ್ಮಲ್ಲೇ ಇದೆ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ, 1963ರಲ್ಲಿ ಆರಂಭವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ 30 ದಿನಗಳ ತರಬೇತಿ ಕೊಡುತ್ತ ಬಂದಿದೆ. ಅಂಥದ್ದೇ ತರಬೇತಿಯನ್ನು, ತರಗತಿಯ ಅಭ್ಯಾಸ ಸಹಿತ, ಕೆಲಸ ಹುಡುಕುತ್ತಿರುವ ಪದವೀಧರರಿಗೂ ಹಾಸನದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ನಡೆಸಬೇಕೆಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ.

– ನಿವೃತ್ತ ಇಂಗ್ಲಿಷ್ ಶಿಕ್ಷಕಿ, ನುಗ್ಗೇಹಳ್ಳಿ