ಟಿಕೆಟ್ ಇದ್ದರೂ ಚೀಟಿ ಬೇಕೆ?

ಕೆಜಿಎಫ್‌ನ ಕೋರಮಂಡಲ್ ನಿಲ್ದಾಣದಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುವವರಿಗೆ ಸಾಮಾನ್ಯ ಟಿಕೆಟ್ ಇದ್ದರೆ ಸಾಕು. ಗುರುತಿನ ಚೀಟಿ ಯಾರೂ ಕೇಳುವುದಿಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿರುವುದೇ ಈ ರೈಲುಗಳಿಂದ.

ಅದೇ ಬಂಗಾರಪೇಟೆಯಲ್ಲಿ ಕಾಯ್ದಿರಿಸಿದ ಬೋಗಿ ಹತ್ತಿದರೆ ನಿಯಮವೇ ಬೇರೆ. ಒಂದು ಟಿಕೆಟ್‌ನಲ್ಲಿರುವವರ ಪೈಕಿ ಒಬ್ಬರಾದರೂ ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಬೇಕು. ಇಲ್ಲದಿದ್ದರೆ ಹಣ ಕೊಟ್ಟು ಕೊಂಡವರೂ ಟಿಕೆಟ್ ರಹಿತರೆಂದೇ ಲೆಕ್ಕ, ಮೇಲೆ ದಂಡ. 2023ರ ಜೂನ್‌ನಲ್ಲಿ ಆರಂಭವಾದ, ಮಹಿಳೆಯರಿಗೆ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆಯ ಬಸ್ಸಿನಲ್ಲೂ ರಾಜ್ಯದ ವಿಳಾಸವಿರುವ ಚೀಟಿ ಬೇಕು. ಆಂಧ್ರದ ಕುಪ್ಪಂ ಕಡೆಯಿಂದ ಸೊಸೆಯಾಗಿ ಬಂದು, ಆಧಾರ್ ವಿಳಾಸ ಬದಲಿಸದ ಹೆಣ್ಣುಮಗಳು ಪೂರ್ತಿ ಟಿಕೆಟ್ ಕೊಳ್ಳಬೇಕಾಗುತ್ತದೆ.

ಗುರುತು ಕೊಡುವ ಪ್ರಶ್ನೆ ಕೆಜಿಎಫ್‌ಗೆ ಹೊಸದಲ್ಲ. 1930ರಲ್ಲಿ ಬೆರಳಚ್ಚು ಕಡ್ಡಾಯ ಮಾಡಿದ್ದನ್ನು ವಿರೋಧಿಸಿ ಇಲ್ಲಿನ ಗಣಿ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದ್ದರು. ತಮ್ಮನ್ನು ಅಪರಾಧಿಗಳಂತೆ ಕಾಣುವುದನ್ನು ಅವರು ಒಪ್ಪಲಿಲ್ಲ.

ದೇಶದೊಳಗೆ ಮುಕ್ತವಾಗಿ ಸಂಚರಿಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಕಾಳಸಂತೆಯಲ್ಲಿ ಟಿಕೆಟ್ ಮಾರುವವರನ್ನು ತಡೆಯಲು ತಪಾಸಣೆ ಬೇಕು, ನಿಜ. ಆದರೆ ಪರ್ಸ್ ಕಳೆದುಕೊಂಡವರನ್ನು, ಚೀಟಿ ಮನೆಯಲ್ಲೇ ಮರೆತ ವೃದ್ಧರನ್ನು ಅವರ ಸಾಲಿಗೆ ಸೇರಿಸುವುದು ಅನ್ಯಾಯ. ಬುಕಿಂಗ್ ಮಾಡಿದ ಮೊಬೈಲ್ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಂಡು, ದಂಡವಿಲ್ಲದೆ ಪ್ರಯಾಣ ಮುಂದುವರಿಸಲು ಬಿಡುವ ಅಧಿಕಾರವನ್ನು ರೈಲ್ವೆ ಇಲಾಖೆ ಟಿಕೆಟ್ ತಪಾಸಕರಿಗೆ ಲಿಖಿತವಾಗಿ ಕೊಡಬೇಕು.