ಬೆರಳು ಕೂಡಿದ್ದು ಗ್ರಹಣದಿಂದಲ್ಲ, ತಾಯಿಯನ್ನು ಬೈಯಬೇಡಿ

ಸುದ್ದಿಗೆಂದು ಸಿರುಗುಪ್ಪ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ತೊಟ್ಟಿಲಲ್ಲಿ 8 ತಿಂಗಳ ಕೂಸು. ಹಣೆ ಎತ್ತರ, ಕಣ್ಣು ಮುಂದಕ್ಕೆ, ಕೈಕಾಲಿನ ಬೆರಳುಗಳೆಲ್ಲ ಕೂಡಿಕೊಂಡಿದ್ದವು. "ಈಕಿ ಗ್ರಹಣದಾಗ ಬದ್ನೇಕಾಯಿ ಹೆಚ್ಚಿದ್ಲು ನೋಡ್ರಿ, ಅದಕ್ಕೇ ಹಿಂಗಾತು" ಎಂದರು ಅಜ್ಜಿ. ತಾಯಿ ತಲೆ ಎತ್ತಲಿಲ್ಲ.

ಆಕೆಯದು ಏನೂ ತಪ್ಪಿಲ್ಲ.

ಹುಟ್ಟಿದ ಮಗುವಿನ ತಲೆಬುರುಡೆ ಒಂದೇ ಮೂಳೆಯಲ್ಲ. ಮೂಳೆಗಳ ನಡುವೆ ಸಂದುಗಳಿರುತ್ತವೆ, ಮಿದುಳು ಬೆಳೆದಂತೆ ಅವು ಜಾಗ ಕೊಡುತ್ತವೆ. ಕೆಲವು ಮಕ್ಕಳಲ್ಲಿ ಸಂದು ಬೇಗ ಬೆಸೆದುಕೊಳ್ಳುತ್ತದೆ. ಆಗ ತಲೆಯ ಆಕಾರ ಬದಲಾಗುತ್ತದೆ, ಮಿದುಳಿನ ಮೇಲೆ ಒತ್ತಡ ಬೀಳಬಹುದು. ಜೊತೆಗೆ ಬೆರಳುಗಳೂ ಕೂಡಿದ್ದರೆ ಅದು ಅಪರ್ಟ್ ಸಿಂಡ್ರೋಮ್ ಇರಬಹುದು. ಫ್ರಾನ್ಸಿನ ವೈದ್ಯ ಯುಜೀನ್ ಅಪರ್ಟ್ 1906ರಲ್ಲಿ ಇದನ್ನು ವಿವರಿಸಿದರು. ಎಫ್‌ಜಿಎಫ್‌ಆರ್2 ಎಂಬ ಜೀನ್‌ನಲ್ಲಿ ಆಗುವ ಬದಲಾವಣೆಯೇ ಕಾರಣ. ಬಹುತೇಕ ಮಕ್ಕಳಲ್ಲಿ ಅದು ತಂದೆಯ ವೀರ್ಯಾಣುವಿನಲ್ಲಿ ಹೊಸದಾಗಿ ಆದದ್ದು. ಹಾಗಂತ ತಂದೆಯನ್ನೂ ಬೈಯುವಂತಿಲ್ಲ, ಅದು ಯಾರ ಕೈಯಲ್ಲೂ ಇಲ್ಲ.

ಇದನ್ನೇ ಹೋಲುವ ಕಾರ್ಪೆಂಟರ್ ಸಿಂಡ್ರೋಮ್ ಬೇರೆ. ಅದು ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ, ರಕ್ತಸಂಬಂಧದ ಮದುವೆಯಲ್ಲಿ ಸಾಧ್ಯತೆ ಹೆಚ್ಚು. ಯಾವುದೆಂದು ವೈದ್ಯರು ಹೇಳಬೇಕು, ಕಟ್ಟೆಯ ಮೇಲೆ ಕುಳಿತವರಲ್ಲ.

ನಮ್ಮ ಸಿಟ್ಟು ಬೇರೆ ಕಡೆ ಇದೆ. ಆ ಕೂಸನ್ನು ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ನೋಡಿದ್ದಾರೆ. "ದೊಡ್ಡದಾಗಲಿ, ನೋಡೋಣ" ಎಂದು ಕಳಿಸಿದ್ದಾರೆ. ತಲೆಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ಆಗಬೇಕು. ಬೆರಳು ಬಿಡಿಸುವುದೂ ಚಿಕ್ಕಂದಿನಲ್ಲೇ, ಹಂತ ಹಂತವಾಗಿ. 8 ತಿಂಗಳು ಸುಮ್ಮನೆ ಹೋಯಿತು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ಆಗುತ್ತದೆ. ಅದು ಹೆಸರಿಸಿದ 9 ಹುಟ್ಟುದೋಷಗಳಲ್ಲಿ ಸೀಳುತುಟಿ ಇದೆ, ವಕ್ರಪಾದ ಇದೆ, ತಲೆಬುರುಡೆಯ ಸಂದು ಬೆಸೆಯುವುದು ಇಲ್ಲ. ಇದನ್ನೂ ಸೇರಿಸಬೇಕು. ಆಶಾ ಕಾರ್ಯಕರ್ತೆಯರಿಗೆ ತಲೆ, ಬೆರಳು ನೋಡುವುದನ್ನು ಕಲಿಸಬೇಕು. ಕುರುಗೋಡಿನಿಂದಲೋ ಸಿರುಗುಪ್ಪದಿಂದಲೋ ಬಳ್ಳಾರಿಗೆ, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಅಲೆಯುವವರು ನಾಟಿ ಕೂಲಿ ಬಿಟ್ಟು ಬರುವವರು. ಅವರಿಗೆ ಒಂದೇ ಸಲಕ್ಕೆ ಸರಿಯಾದ ದಾರಿ ತೋರಿಸಬೇಕು.

ಮನೆಯವರಿಗೆ ಒಂದು ಮಾತು. ಎರೆಯುವಾಗ ಕೂಸಿನ ತಲೆ ಒತ್ತಿ ದುಂಡು ಮಾಡಲು ಹೋಗಬೇಡಿ. ಬೆಸೆದ ಸಂದು ಎಣ್ಣೆ ತಿಕ್ಕಿದರೆ ಬಿಡುವುದಿಲ್ಲ. ಅನುಮಾನ ಬಂದರೆ ಗ್ರಹಣದ ಲೆಕ್ಕ ಹಾಕುತ್ತಾ ಕೂರದೆ, ಬಳ್ಳಾರಿ ಬಸ್ ಹತ್ತಿ.